ಕವಿತೆಗೆ ಕ್ಯಾಸೆಟ್ ಕೂಡಿಬಂದ ಕಾಲ

1978ರಲ್ಲಿ ಕನ್ನಡದ ಅಂಗಡಿಗಳಿಗೆ ಒಂದು ಕ್ಯಾಸೆಟ್ ಬಂತು. ಅದರಲ್ಲಿ ಸಿನಿಮಾ ಹಾಡಿರಲಿಲ್ಲ, ದೇವರನಾಮಗಳ ಸಂಗ್ರಹವೂ ಅದಾಗಿರಲಿಲ್ಲ. ಭೂವಿಜ್ಞಾನದ ಮೇಷ್ಟ್ರೊಬ್ಬರು ಬರೆದ ಕವಿತೆಗಳಿಗೆ ಹಾರ್ಮೋನಿಯಂ ಹಿಡಿದ ಗಾಯಕರೊಬ್ಬರು ರಾಗ ಹಾಕಿದ್ದರು. ಮೇಷ್ಟ್ರು ಕೆ.ಎಸ್. ನಿಸಾರ್ ಅಹಮದ್, ಗಾಯಕರು ಮೈಸೂರು ಅನಂತಸ್ವಾಮಿ, ಕ್ಯಾಸೆಟ್ಟಿನ ಹೆಸರು ‘ನಿತ್ಯೋತ್ಸವ’. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದು ಅದನ್ನು ಇಂದಿಗೂ ನೆನೆಯುತ್ತಾರೆ.

ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ ನಿಸಾರರಿಗೆ ಜೋಗವೂ ತುಂಗೆಯೂ ದಿನದ ನೆರೆಹೊರೆ. ಆ ನೆಲದ ನೆನಪಿನಿಂದ ಹುಟ್ಟಿದ ಕವಿತೆ ಕ್ಯಾಸೆಟ್ಟಿನ ಬೆನ್ನೇರಿ ರಾಜ್ಯೋತ್ಸವದ ಶಾಮಿಯಾನ, ಶಾಲಾ ವಾರ್ಷಿಕೋತ್ಸವ, ಬ್ಯಾಂಕು ನೌಕರರ ಕನ್ನಡ ಸಂಘ ಎಲ್ಲವನ್ನೂ ಹೊಕ್ಕಿತು. ಮುಂದೆ ನಿಸಾರರನ್ನು ಜನ ‘ನಿತ್ಯೋತ್ಸವದ ಕವಿ’ ಎಂದೇ ಕರೆದರು. ಒಬ್ಬ ಆಧುನಿಕ ಕವಿಗೆ ಹಾಡಿನ ಹೆಸರೇ ಬಿರುದಾದದ್ದು ಸಣ್ಣ ಸಂಗತಿಯಲ್ಲ.

ಕವಿತೆಯನ್ನು ಹಾಡುವ ಪದ್ಧತಿ ಆಗ ಹೊಸದೇನೂ ಆಗಿರಲಿಲ್ಲ. ಉಡುಪಿ ಸೀಮೆಯ ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು ಅದಕ್ಕೂ ಎಷ್ಟೋ ಮುಂಚೆಯೇ ನವೋದಯದ ಕವಿಗಳನ್ನು ವೇದಿಕೆಗೆ ತಂದಿದ್ದರು. ಸೋಹನ್ ಕುಮಾರಿ, ಮೋಹನ್ ಕುಮಾರಿ ಅವರ ಜೊತೆಗೂಡಿ ಊರೂರು ಸುತ್ತಿ ಹಾಡಿದರು. ಆದರೆ ಆ ಕಾಲದ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಗ್ರಾಮಫೋನು ಉಳ್ಳವರ ಮನೆಯ ಸಾಮಾನು. ಎಚ್‌ಎಂವಿಯ ತಟ್ಟೆಗಳು ಅಚ್ಚಾಗುತ್ತಿದ್ದದ್ದೂ ದೂರದ ಕಲ್ಕತ್ತೆಯ ಡಂಡಂನಲ್ಲಿ. ಉಳಿದವರಿಗೆ ರೇಡಿಯೊವೇ ಗತಿ. 1955ರಲ್ಲಿ ಬೆಂಗಳೂರು ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಭಾವಗೀತೆಗೆ ದಿನಚರಿಯಲ್ಲೊಂದು ಜಾಗ ಸಿಕ್ಕಿತು. ಆದರೆ ರೇಡಿಯೊದಲ್ಲಿ ಬಂದ ಹಾಡು ಬಂದಂತೆಯೇ ಹೋಗುತ್ತಿತ್ತು. ಇನ್ನೊಮ್ಮೆ ಕೇಳಬೇಕೆಂದರೆ ನಿಲಯದವರು ಮನಸ್ಸು ಮಾಡಬೇಕು.

ಈ ಎರಡೂ ಕಟ್ಟುಗಳನ್ನು ಬಿಡಿಸಿದ್ದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ. ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ಮೇಳದಲ್ಲಿ ಮೊದಲು ತೋರಿಸಿದ ಕಾಂಪ್ಯಾಕ್ಟ್ ಕ್ಯಾಸೆಟ್ಟಿನಲ್ಲಿ ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ‘ಸಿ-60’ ಎಂದರೆ ಮಗ್ಗುಲಿಗೆ ಅರ್ಧ ಗಂಟೆ, ಒಳಗೆ ಸುತ್ತಿದ ಟೇಪಿನ ಉದ್ದ ಸುಮಾರು 86 ಮೀಟರ್. ಇದರ ನಕಲು ತೆಗೆಯಲು ಕಲ್ಕತ್ತೆಯ ಅಚ್ಚುಮನೆ ಬೇಕಿರಲಿಲ್ಲ. ಬೆಂಗಳೂರಿನ ಒಂದು ಕೋಣೆಯಲ್ಲಿ ನಾಲ್ಕು ಯಂತ್ರ ಇಟ್ಟುಕೊಂಡರೆ ಕೆಲಸ ಆಗುತ್ತಿತ್ತು. ಬಂಡವಾಳ ಕಡಿಮೆಯಾದದ್ದರಿಂದಲೇ ಸಂಗೀತಾ, ಲಹರಿಯಂಥ ಇಲ್ಲಿನ ಸಂಸ್ಥೆಗಳು ಬೆಳೆದವು. ಸಿನಿಮಾ ಹಾಡಿನಷ್ಟು ಮಾರಾಟವಾಗದ ಕವಿತೆಗೂ ಒಂದು ಕೈ ನೋಡೋಣ ಎನ್ನುವ ಧೈರ್ಯ ಬಂದದ್ದೂ ಅದರಿಂದಲೇ.

ಆ ದಿನಗಳ ಭಾವಗೀತೆಯ ಕ್ಯಾಸೆಟ್ಟೊಂದನ್ನು ಕೈಗೆತ್ತಿಕೊಂಡರೆ ಮೊದಲು ಕಾಣುವುದು ಮಡಿಸಿಟ್ಟ ರಟ್ಟಿನ ಹಾಳೆ. ಮುಂಭಾಗದಲ್ಲಿ ಸಂಕಲನದ ಹೆಸರು, ಕವಿಯ ಹೆಸರು, ಸಂಗೀತ ಸಂಯೋಜಕರ ಹೆಸರು. ಒಳಮಡಿಕೆಯಲ್ಲಿ ‘ಎ’ ಬದಿ, ‘ಬಿ’ ಬದಿ ಎಂದು ಹಾಡುಗಳ ಪಟ್ಟಿ, ಪ್ರತಿ ಸಾಲಿನ ಎದುರು ಹಾಡಿದವರು ಯಾರೆಂಬ ವಿವರ. ಕೆಲವದರಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಪೂರ್ತಿ ಸಾಹಿತ್ಯ. ಡಬ್ಬಿಯ ಮೇಲಂಚಿನಲ್ಲಿ ಎರಡು ಪುಟ್ಟ ಕಿಂಡಿ. ಅಲ್ಲಿನ ಚೂರು ಮುರಿದಿದ್ದರೆ ಅದರ ಮೇಲೆ ಬೇರೆ ಹಾಡು ಅಚ್ಚಾಗದು. ಅದಕ್ಕೆ ಕಾಗದ ತುರುಕಿ, ಮೇಲೆ ಅಂಟುಪಟ್ಟಿ ಹಚ್ಚಿ, ಹಳೆ ಹಾಡನ್ನು ಅಳಿಸಿ ಹೊಸದನ್ನು ತುಂಬುವ ವಿದ್ಯೆ ಮನೆಯ ಹುಡುಗರಿಗೆಲ್ಲ ಗೊತ್ತಿತ್ತು. ಟೇಪು ಸಡಿಲಾದಾಗ ಚಕ್ರದ ಹಲ್ಲಿಗೆ ಪೆನ್ಸಿಲ್ ಸಿಕ್ಕಿಸಿ ತಿರುಗಿಸುವುದಂತೂ ಒಂದು ತಲೆಮಾರಿನ ಕೈಗೆ ಅಂಟಿದ ಅಭ್ಯಾಸ. ಬೀದಿ ಬದಿಯ ಅಂಗಡಿಗೆ ಹಾಡುಗಳ ಚೀಟಿ ಬರೆದುಕೊಟ್ಟು, ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬರುವವರೂ ಬಹಳ ಮಂದಿ. ಕಾನೂನಿನ ಕಣ್ಣಲ್ಲಿ ತಪ್ಪೇ, ಆದರೆ ಎಷ್ಟೋ ಊರುಗಳಲ್ಲಿ ಬೇಂದ್ರೆ, ಕುವೆಂಪು ಹಾಡಾಗಿ ತಲುಪಿದ್ದು ಆ ದಾರಿಯಿಂದ.

ಹಾಗೆ ತಲುಪಿದ ಹಾಡುಗಳ ಹಿಂದೆ ಬಿಡುವಿಲ್ಲದ ದುಡಿಮೆ ಇತ್ತು. ಆ ದುಡಿಮೆಯಲ್ಲಿ ಸಿ. ಅಶ್ವತ್ಥರ ಪಾಲು ದೊಡ್ಡದು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ನಾಟಕ, ಸಿನಿಮಾ, ಭಾವಗೀತೆ ಮೂರರಲ್ಲೂ ತೊಡಗಿದವರು ಅವರು. 1977ರ ‘ಕಾಕನಕೋಟೆ’ಗೆ ಸಂಗೀತ ಕೊಟ್ಟು ಚಿತ್ರರಂಗಕ್ಕೆ ಬಂದರು. ಎಲ್. ವೈದ್ಯನಾಥನ್ ಜೊತೆ ಸೇರಿ ‘ಅಶ್ವಥ್-ವೈದಿ’ ಎಂಬ ಜೋಡಿಹೆಸರಿನಲ್ಲಿ ‘ಆಲೆಮನೆ’ಯಂಥ ಚಿತ್ರಗಳಿಗೆ ಹಾಡು ಕಟ್ಟಿದರು. ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಮಾತಿನ ಲಯವೇ ಮುಂದು, ರಾಗ ಅದರ ಹಿಂದೆ ನಡೆದು ಬರುತ್ತದೆ. ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಅವರ ಬಾಯಲ್ಲಿ ಹಾಡೂ ಹೌದು, ಹರಟೆಯೂ ಹೌದು ಎನಿಸುವುದು ಅದಕ್ಕೇ. ಅಶ್ವತ್ಥರದು ಬೇರೆ ದಾರಿ. ತಾರಸ್ಥಾಯಿಗೆ ಏರಿ, ಗಂಟಲು ಪೂರ್ತಿ ತೆರೆದು, ಒಂದೇ ಪದವನ್ನು ನಾಲ್ಕು ಬಗೆಯಲ್ಲಿ ಎಸೆದು ಹಿಡಿಯುವ ಗಾಯನ ಅವರದು.

ಆ ಗಂಟಲಿಗೆ ಹೇಳಿ ಮಾಡಿಸಿದಂತೆ ಸಿಕ್ಕವರು ಶಿಶುನಾಳ ಶರೀಫರು. 1819ರಲ್ಲಿ ಹುಟ್ಟಿದ ಶರೀಫರ ಪದಗಳು ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಏಕತಾರಿ, ದಮ್ಮಡಿಗಳ ಜೊತೆ ನೂರು ವರ್ಷಕ್ಕೂ ಮೇಲ್ಪಟ್ಟು ಬದುಕಿದ್ದವು. ಹಳೆಯ ಮೈಸೂರಿನ ಪೇಟೆಗಳಲ್ಲಿ ಅವುಗಳ ಬಳಕೆ ಕಡಿಮೆ. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಆ ಪದಗಳನ್ನು ಸಂಪಾದಿಸಿದರು. ಅಶ್ವತ್ಥರು ರಾಗ ಕೂಡಿಸಿದರು. ಅಶ್ವತ್ಥರ ಜೊತೆ ಶಿವಮೊಗ್ಗ ಸುಬ್ಬಣ್ಣನವರೂ ಹಾಡಿದರು. ನೋಡನೋಡುತ್ತ ಧಾರವಾಡ ಸೀಮೆಯ ನುಡಿಗಟ್ಟು ಬೆಂಗಳೂರಿನ ಬಸವನಗುಡಿಯ ಮಕ್ಕಳ ನಾಲಿಗೆಯಲ್ಲಿ ಆಡತೊಡಗಿತು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ತೆರೆಗೆ ಬರುವ ಹೊತ್ತಿಗೆ ಹಾಡುಗಳ ಪರಿಚಯ ಮಾಡಿಕೊಡುವ ಅಗತ್ಯವೇ ಇರಲಿಲ್ಲ.

ಸುಬ್ಬಣ್ಣನವರದು ವಕೀಲಿ ವೃತ್ತಿ. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಗೀತೆಗೆ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಕನ್ನಡಿಗ ಗಾಯಕರೊಬ್ಬರಿಗೆ ಆ ಪ್ರಶಸ್ತಿ ದಕ್ಕಿದ್ದು ಅದೇ ಮೊದಲು. ಅದೂ 1978ನೇ ಸಾಲಿನದು. ‘ನಿತ್ಯೋತ್ಸವ’ ಬಂದ ವರ್ಷವೇ ಸುಗಮ ಸಂಗೀತದ ದನಿಯೊಂದು ದೇಶದ ಕಿವಿಗೆ ಬಿದ್ದದ್ದು ಒಳ್ಳೆಯ ಕಾಕತಾಳೀಯ.

ಇಷ್ಟಾದರೂ ಕವಿತೆಯನ್ನು ಹಾಡಾಗಿಸುವುದು ಬಗೆಹರಿದ ವಿಚಾರವೇನಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯನ್ನೇ ನೋಡಬಹುದು. 1942ರ ಆ ಸಂಕಲನದ ಎಷ್ಟೋ ಪದ್ಯಗಳು ಸಣ್ಣ ಕಥೆಯಂತೆ ಚರಣದಿಂದ ಚರಣಕ್ಕೆ ಮುಂದೆ ಸಾಗುತ್ತವೆ. ಹಾಡಿಗೆ ಪಲ್ಲವಿ ಬೇಕು. ಹಾಗಾಗಿ ಸಂಯೋಜಕರು ಮೊದಲ ಎರಡು ಸಾಲನ್ನು ಪಲ್ಲವಿಯಾಗಿಸಿ, ಪ್ರತಿ ಚರಣದ ಕೊನೆಗೂ ಅಲ್ಲಿಗೇ ಮರಳುತ್ತಾರೆ. ಬಾಗಿಲು ದಾಟಿ ಅಂಗಳಕ್ಕಿಳಿದ ಕಥೆಯನ್ನು ಮತ್ತೆ ನಡುಮನೆಗೆ ಕರೆತಂದಂತಾಗುತ್ತದೆ. ಚರಣಗಳ ನಡುವೆ ಕೊಳಲು, ಸಿತಾರ್, ತಬಲದ ತುಣುಕು ಸೇರಿ ಒಂದೂವರೆ ನಿಮಿಷದಲ್ಲಿ ಓದಿ ಮುಗಿಯುವ ಪದ್ಯ ಐದು ನಿಮಿಷಕ್ಕೆ ಹಿಗ್ಗುತ್ತದೆ. ಉದ್ದದ ಪದ್ಯವಾದರೆ ಒಂದೆರಡು ಚರಣ ಕೈಬಿಡಬೇಕು. ಹೀಗೆ ಬಿಟ್ಟ ಚರಣದಲ್ಲೇ ಕವಿತೆಯ ಜೀವ ಇತ್ತು ಎಂದು ಕೊರಗಿದ ಓದುಗರಿದ್ದಾರೆ. ಅವರ ಕೊರಗು ನ್ಯಾಯವಾದದ್ದೇ. ಶರೀಫರ ಪದಗಳಿಗೆ ಈ ಕಷ್ಟ ಬರಲಿಲ್ಲ, ಏಕೆಂದರೆ ಅವು ಪಲ್ಲವಿ ಹೊತ್ತೇ ಹುಟ್ಟಿದವು.

ಆದರೂ ತಕ್ಕಡಿ ಹಾಡಿನ ಕಡೆಗೇ ವಾಲುತ್ತದೆ. ‘ಮೈಸೂರ ಮಲ್ಲಿಗೆ’ ಪ್ರಕಟವಾಗಿ ಅರ್ಧ ಶತಮಾನ ತುಂಬುವ ಹೊತ್ತಿಗೆ ಅದೇ ಹೆಸರಿನ ಸಿನಿಮಾ ಬಂತು, ಸಂಗೀತ ಅಶ್ವತ್ಥರದೇ. ಗೀತರಚನೆಗೆ ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಇಪ್ಪತ್ತೇಳರ ಹರೆಯದಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಎಪ್ಪತ್ತು ದಾಟಿದ ಮೇಲೆ ಚಿತ್ರಗೀತೆಯ ಪ್ರಶಸ್ತಿ! ಪುಸ್ತಕ ಕೊಳ್ಳದ ಮನೆಗಳಲ್ಲೂ ಆ ಪದ್ಯಗಳು ಬಾಯಿಪಾಠವಾಗಿರದಿದ್ದರೆ ಇಂಥದೊಂದು ಸಿನಿಮಾ ತೆಗೆಯುವ ಸಾಹಸಕ್ಕೆ ಯಾರು ಕೈಹಾಕುತ್ತಿದ್ದರು?

ಬೇಡಿಕೆ ಹೆಚ್ಚಿದಂತೆ ಕವಿಗಳು ನೇರವಾಗಿ ಕ್ಯಾಸೆಟ್ಟಿಗೆಂದೇ ಬರೆಯತೊಡಗಿದರು. ದೊಡ್ಡರಂಗೇಗೌಡರ ಗೀತೆಗಳಿಗೆ ಅಶ್ವತ್ಥರು ರಾಗ ಹಾಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ‘ಮಾವು ಬೇವು’ ಆ ಬಗೆಯ ಸುರುಳಿಗಳಲ್ಲಿ ಬಹುಜನರಿಗೆ ಅಚ್ಚುಮೆಚ್ಚು. ಲಕ್ಷ್ಮೀನಾರಾಯಣ ಭಟ್ಟ, ಎಚ್.ಎಸ್. ವೆಂಕಟೇಶಮೂರ್ತಿ, ಬಿ.ಆರ್. ಲಕ್ಷ್ಮಣರಾವ್ ಅವರ ರಚನೆಗಳನ್ನು ರತ್ನಮಾಲಾ ಪ್ರಕಾಶ್, ಬಿ.ಆರ್. ಛಾಯಾ ಮೊದಲಾದವರ ದನಿಗಳು ಮನೆಮನೆಗೆ ಒಯ್ದವು. ಎಲ್ಲವೂ ಗಟ್ಟಿ ಕಾಳೇನಲ್ಲ. ಬೆಳದಿಂಗಳು, ಕೊಳಲು, ರಾಧೆಯ ವಿರಹ ಬೇಸರ ಹುಟ್ಟಿಸುವಷ್ಟು ಸಲ ಬಂದುಹೋದವು.

ಅದೇ ವರ್ಷಗಳಲ್ಲಿ ಸಿನಿಮಾ ಕ್ಯಾಸೆಟ್ಟುಗಳ ಅಬ್ಬರವೂ ಏರಿತ್ತು. 1987ರ ‘ಪ್ರೇಮಲೋಕ’ದ ಹಂಸಲೇಖ ಹಾಡುಗಳು ಕೇಳಿಸದ ಹೋಟೆಲ್ಲು, ಖಾಸಗಿ ಬಸ್ಸು ಕಡಿಮೆ. ಅದುವರೆಗೆ ಹಾಡಿನ ಧ್ವನಿಮುದ್ರಣಕ್ಕೆ ಮದರಾಸಿನ ರೈಲು ಹತ್ತುತ್ತಿದ್ದ ಕನ್ನಡದವರಿಗೆ ಬೆಂಗಳೂರಿನಲ್ಲೇ ಅನುಕೂಲ ಒದಗಲೆಂದು ಶಂಕರ್‌ನಾಗ್ ‘ಸಂಕೇತ್’ ಸ್ಟುಡಿಯೊ ಕಟ್ಟಿದ್ದೂ ಆ ದಶಕದಲ್ಲೇ.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಸಿ.ಡಿ., ಆಮೇಲೆ ಎಂಪಿ3 ಬಂದು ಕ್ಯಾಸೆಟ್ಟಿನ ವ್ಯಾಪಾರ ಕುಸಿಯಿತು. ಅನಂತಸ್ವಾಮಿ 1995ರಲ್ಲೇ ತೀರಿಕೊಂಡಿದ್ದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರು ನಡೆಸಿದ ‘ಕನ್ನಡವೇ ಸತ್ಯ’ಕ್ಕೆ ಲಕ್ಷದಷ್ಟು ಜನ ಸೇರಿದರು. ಬರೀ ಕವಿತೆಗಳ ಹಾಡು ಕೇಳಲು ಅಷ್ಟು ಜನ! ಅಶ್ವತ್ಥರು 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ ನಿಧನರಾದರು. ನಿಸಾರ್ 2020ರಲ್ಲಿ, ಸುಬ್ಬಣ್ಣ 2022ರಲ್ಲಿ ಅಗಲಿದರು. ಸುಬ್ಬಣ್ಣ ಹೋದ ವರ್ಷವೇ, ಕುವೆಂಪು ಅವರ ನಾಡಗೀತೆಗೆ ಯಾರ ಧಾಟಿ ಎಂಬ ಬಹುಕಾಲದ ಜಗ್ಗಾಟವನ್ನು ಸರ್ಕಾರ ಮುಗಿಸಿತು. ಗಾಯಕಿ ಎಚ್.ಆರ್. ಲೀಲಾವತಿ ನೇತೃತ್ವದ ಸಮಿತಿಯ ಸಲಹೆಯಂತೆ ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷದ ಅವಧಿ ಎಂದು ಆದೇಶ ಹೊರಟಿತು.

ಆ ಕಾಲದ ಸುರುಳಿಗಳಲ್ಲಿ ಹಲವು ಈಗ ಮೊಬೈಲಿನಲ್ಲಿ ಸಿಗುತ್ತವೆ. ಆದರೆ ಪರದೆಯ ಮೇಲೆ ಎದ್ದು ಕಾಣುವುದು ಗಾಯಕರ ಹೆಸರು, ಕಂಪನಿಯ ಹೆಸರು. ಕವಿ ಯಾರೆಂದು ತಿಳಿಯಲು ಎಷ್ಟೋ ಸಲ ಹುಡುಕಾಡಬೇಕು. ರಟ್ಟಿನ ಹಾಳೆಯ ಮೇಲೆ ಮೊದಲ ಸಾಲಿನಲ್ಲೇ ಇದ್ದ ಹೆಸರದು. ಆ ಹಾಳೆಗಳು ಇನ್ನೂ ಅನೇಕರ ಮನೆಯ ಅಟ್ಟದಲ್ಲಿವೆ. ಟೇಪು ಬೂಸ್ಟು ಹಿಡಿದಿದ್ದರೂ ಅಕ್ಷರ ಅಳಿಸಿಲ್ಲ. ಯಾವ ಪದ್ಯ ಯಾರದು, ರಾಗ ಹಾಕಿದವರು ಯಾರು, ಯಾವ ವರ್ಷದ್ದು ಎಂದು ಅವುಗಳಿಂದ ಒಂದು ಸೂಚಿ ತಯಾರಿಸುವ ಕೆಲಸಕ್ಕೆ ಯಾವುದಾದರೂ ವಿಶ್ವವಿದ್ಯಾಲಯವೋ ಅಕಾಡೆಮಿಯೋ ಈಗಲೇ ಕೈಹಾಕಬೇಕು. ಆ ಧ್ವನಿಮುದ್ರಣಗಳಲ್ಲಿ ತಬಲ ನುಡಿಸಿದವರು, ಕೊಳಲು ಊದಿದವರು ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳಿದರೆ ಹೇಳುತ್ತಾರೆ.