ಡಯಲ್-ಅಪ್ ಸಂಪರ್ಕ ಸಿಗದಿದ್ದರೆ ದೋಷ ಲಿನಕ್ಸ್‌ನದೇ?

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕ ಇಂಟರ್ನೆಟ್ ಸೇವೆಯನ್ನು ಆರಂಭಿಸಿದ ಮೇಲೆ, 2005ರಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಬರುವವರೆಗೆ, ಬೆಂಗಳೂರಿನ ಕಲ್ಯಾಣ ನಗರ, ಬಾಣಸವಾಡಿ, ಇಂದಿರಾನಗರಗಳಂಥ ಬಡಾವಣೆಗಳ ಮನೆಗಳಿಗೆ ಇಂಟರ್ನೆಟ್ ತಲುಪುತ್ತಿದ್ದುದು ಮುಖ್ಯವಾಗಿ ದೂರವಾಣಿಯ ತಾಮ್ರದ ತಂತಿಯ ಮೂಲಕ. ಪಿಸಿಕ್ವೆಸ್ಟ್ ಪತ್ರಿಕೆಯೊಂದಿಗೆ ಬರುತ್ತಿದ್ದ ಸಿ.ಡಿ.ಗಳು ಮತ್ತು 2001ರಲ್ಲಿ ಆರಂಭವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಅದೇ ಕಾಲದಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ನಗರದ ಆಸಕ್ತರಿಗೆ ಪರಿಚಯಿಸಿದವು. ಅದರ ಬೆನ್ನಿಗೇ, ಲಿನಕ್ಸ್‌ನಲ್ಲಿ ಮೋಡೆಮ್ ಕೆಲಸ ಮಾಡುವುದಿಲ್ಲ ಎಂಬ ನಂಬಿಕೆಯೂ ಹರಡಿತು.

ಈ ನಂಬಿಕೆಗೆ ಕಾರಣವಾದದ್ದು ಮೋಡೆಮ್‌ಗಳಲ್ಲೇ ಆದ ಬದಲಾವಣೆ. ಕಂಪ್ಯೂಟರಿನ ಅಂಕಿಗಳನ್ನು ದೂರವಾಣಿಯಲ್ಲಿ ಸಾಗಬಲ್ಲ ಧ್ವನಿಯಾಗಿಯೂ ಆ ಧ್ವನಿಯನ್ನು ಮರಳಿ ಅಂಕಿಗಳಾಗಿಯೂ ಮಾರ್ಪಡಿಸುವ ಸಾಧನವೇ ಮೋಡೆಮ್. ಸೀರಿಯಲ್ ಪೋರ್ಟಿಗೆ ಹೊರಗಿನಿಂದ ಜೋಡಿಸುತ್ತಿದ್ದ ಹಳೆಯ ಪೆಟ್ಟಿಗೆಗಳು ಈ ಕೆಲಸವನ್ನು ತಮ್ಮೊಳಗಿನ ಚಿಪ್‌ಗಳಿಂದಲೇ ಪೂರೈಸುತ್ತಿದ್ದುದರಿಂದ ಅವು ಲಿನಕ್ಸ್‌ನಲ್ಲಿ ಯಾವ ವಿಶೇಷ ತಂತ್ರಾಂಶವನ್ನೂ ಬೇಡುತ್ತಿರಲಿಲ್ಲ. ಆದರೆ ಜೋಡಣೆ ಮಾಡಿಸಿಕೊಂಡ ಅಗ್ಗದ ಕಂಪ್ಯೂಟರುಗಳ ಒಳಗೆ ಕೂರುತ್ತಿದ್ದ ಪಿಸಿಐ ಕಾರ್ಡುಗಳಲ್ಲಿ ಬೆಲೆ ಇಳಿಸುವ ಸಲುವಾಗಿ ಆ ಚಿಪ್‌ಗಳನ್ನೇ ಕೈಬಿಟ್ಟು, ಅವುಗಳ ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರ್ ಮತ್ತು ವಿಂಡೋಸ್‌ಗೆಂದೇ ಬರೆದ ಡ್ರೈವರ್ ತಂತ್ರಾಂಶಕ್ಕೆ ವಹಿಸಲಾಗಿತ್ತು. ‘ವಿನ್‌ಮೋಡೆಮ್’ ಎಂದು ಕರೆಯಲಾಗುತ್ತಿದ್ದ ಈ ಕಾರ್ಡುಗಳು ಆ ತಂತ್ರಾಂಶವಿಲ್ಲದೆ ಪೂರ್ಣ ಮೋಡೆಮ್ ಆಗುವುದೇ ಇಲ್ಲ. ತಯಾರಕರು ವಿವರಗಳನ್ನು ಗುಟ್ಟಾಗಿ ಇರಿಸಿದ್ದರಿಂದ ಲಿನಕ್ಸ್ ಪ್ರೋಗ್ರಾಮರುಗಳಿಗೆ ಡ್ರೈವರ್ ಬರೆಯುವ ದಾರಿಯೂ ಮುಚ್ಚಿತ್ತು. ಆದರೂ ಲೂಸೆಂಟ್, ಕೋನೆಕ್ಸೆಂಟ್, ಸ್ಮಾರ್ಟ್‌ಲಿಂಕ್ ಚಿಪ್‌ಗಳಿಗೆ ಕ್ರಮೇಣ ಲಿನಕ್ಸ್ ಡ್ರೈವರುಗಳು ದೊರೆತವು. ಆದ್ದರಿಂದ ‘ಎಲ್‌ಎಸ್‌ಪಿಸಿಐ’ ಆದೇಶದಿಂದ ಕಾರ್ಡಿನಲ್ಲಿರುವ ಚಿಪ್ ಯಾವುದೆಂದು ತಿಳಿಯುವುದೇ ಪರಿಹಾರದ ಮೊದಲ ಹೆಜ್ಜೆ. ಪೆಟ್ಟಿಗೆಯ ಮೇಲೆ ಅಚ್ಚಾದ ಹೆಸರು ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

‘ಡಯಲ್ ಟೋನ್ ಇಲ್ಲ’ ಎಂಬ ಸಂದೇಶ ಬಂದರೆ ಮೋಡೆಮ್ ಸುಟ್ಟಿದೆ ಎಂದು ಭಾವಿಸುವುದು ಇನ್ನೊಂದು ಅವಸರದ ತೀರ್ಮಾನ. ಈ ಸಂದೇಶವನ್ನು ಕೊಡಬಲ್ಲ ಮೋಡೆಮ್ ಆದೇಶಗಳನ್ನು ಗ್ರಹಿಸುವಷ್ಟು ಸುಸ್ಥಿತಿಯಲ್ಲಿದೆ ಎಂಬುದೇ ಸಾಮಾನ್ಯವಾಗಿ ಅದರ ಅರ್ಥ. ಕಚೇರಿಯ ಇಪಿಎಬಿಎಕ್ಸ್, ಅಂದರೆ ಒಳದೂರವಾಣಿಗಳನ್ನು ಹೊರಗಿನ ಲೈನಿಗೆ ಜೋಡಿಸುವ ವ್ಯವಸ್ಥೆ, ಬೇರೆ ಬಗೆಯ ಟೋನ್ ಕೊಡುವುದರಿಂದ ಮೋಡೆಮ್ ಅದನ್ನು ಗುರುತಿಸದೆ ಇರಬಹುದು. ಮೋಡೆಮ್‌ನ ಆರಂಭಿಕ ಆದೇಶಕ್ಕೆ ‘ಎಕ್ಸ್‌3’ ಎಂದು ಸೇರಿಸಿದರೆ ಅದು ಟೋನಿಗಾಗಿ ಕಾಯದೆ ಡಯಲ್ ಮಾಡುತ್ತದೆ. ಮನೆಯಲ್ಲಾದರೆ ಪಕ್ಕದ ಕೋಣೆಯ ಪ್ಯಾರಲಲ್ ಫೋನನ್ನು ಯಾರಾದರೂ ಎತ್ತಿದರೂ, ಮಳೆಗಾಲದಲ್ಲಿ ದೂರವಾಣಿ ತಂತಿಗಳನ್ನು ಮನೆಗಳಿಗೆ ಹಂಚುವ ಡಿಪಿ ಬಾಕ್ಸಿನ ಜೋಡಣೆಗೆ ತೇವ ತಗುಲಿದರೂ ಸಂಪರ್ಕ ಕಡಿಯುತ್ತದೆ. ರಿಸೀವರಿನಲ್ಲಿ ಕರಕರ ಸದ್ದು ಕೇಳಿಸಿದರೆ ಲಿನಕ್ಸನ್ನು ಮತ್ತೆ ಅಳವಡಿಸುವುದು ವ್ಯರ್ಥ ಶ್ರಮ. ದೂರು ಹೋಗಬೇಕಾದದ್ದು ದೂರವಾಣಿ ಕೇಂದ್ರಕ್ಕೆ.

ಕರೆ ಸೇರಿದ ಮೇಲೂ ಪಿಪಿಪಿ ಎಂಬ ನಿಯಮಾವಳಿಯ ಪ್ರಕಾರ ಎರಡು ತುದಿಗಳೂ ಒಪ್ಪಂದಕ್ಕೆ ಬರಬೇಕು; ಹೆಸರು, ಗುಪ್ತಪದಗಳ ಪರಿಶೀಲನೆ ನಡೆಯುವುದೂ ಆಗಲೇ. ಡಯಲ್ ಮಾಡುವ ಡಬ್ಲ್ಯೂವಿಡಯಲ್ ತಂತ್ರಾಂಶ ‘ಪ್ರಾಂಪ್ಟಿಗಾಗಿ ಕಾಯಲಾಗುತ್ತಿದೆ’ ಎಂದು ಹೇಳಿ ನಿಂತುಬಿಟ್ಟಾಗ ಸೇವಾದಾರರ ಸರ್ವರ್ ಕೆಟ್ಟಿದೆಯೆಂದು ಹಲವರು ನಂಬುತ್ತಿದ್ದರು. ವಾಸ್ತವದಲ್ಲಿ ಅನೇಕ ಸರ್ವರುಗಳು ಯಾವ ಪ್ರಾಂಪ್ಟನ್ನೂ ಕಳಿಸದೆ ನೇರವಾಗಿ ಪಿಪಿಪಿ ಸಂವಾದವನ್ನೇ ನಿರೀಕ್ಷಿಸುತ್ತಿದ್ದವು. ಸಂರಚನಾ ಕಡತದಲ್ಲಿ ‘ಸ್ಟುಪಿಡ್ ಮೋಡ್’ ಸಾಲನ್ನು 1ಕ್ಕೆ ಬದಲಿಸಿದರೆ ತಂತ್ರಾಂಶವು ಕಾಯುವುದನ್ನು ಬಿಟ್ಟು ಕೂಡಲೇ ಪಿಪಿಪಿಯನ್ನು ಆರಂಭಿಸುತ್ತದೆ. ಪಿಪಿಪಿಯನ್ನು ನಡೆಸುವ ಪಿಪಿಪಿಡಿ ತಂತ್ರಾಂಶವು ನಿಲ್ಲುವಾಗ ಕೊಡುವ ಸಂಖ್ಯೆಯೂ ಅಷ್ಟೇ ಬೆಲೆಯುಳ್ಳದ್ದು: 8 ಎಂದರೆ ಡಯಲ್ ಮಾಡುವ ಹಂತವೇ ವಿಫಲವಾಗಿದೆ, 16 ಎಂದರೆ ಮೋಡೆಮ್ ಲೈನನ್ನು ಕಡಿದಿದೆ, 19 ಎಂದರೆ ಹೆಸರು ಅಥವಾ ಗುಪ್ತಪದವನ್ನು ಎದುರು ತುದಿ ಒಪ್ಪಿಲ್ಲ.

ಸಂಪರ್ಕವಾಗಿದೆ, ಆದರೆ ಪುಟ ತೆರೆಯುತ್ತಿಲ್ಲ ಎಂಬ ದೂರಿಗೆ ಮೋಡೆಮ್ ಕಾರಣವಾಗಿರುವುದು ವಿರಳ. ಅಂಕಿ ವಿಳಾಸಕ್ಕೆ ‘ಪಿಂಗ್’ ತಲುಪಿ ಹೆಸರಿಗೆ ತಲುಪದಿದ್ದರೆ, ಹೆಸರನ್ನು ಅಂಕಿಗೆ ಬದಲಿಸುವ ಡಿಎನ್‌ಎಸ್ ಸರ್ವರಿನ ವಿಳಾಸ ‘ರಿಸಾಲ್ವ್.ಕಾನ್ಫ್’ ಕಡತದಲ್ಲಿ ಇಲ್ಲದಿರುವುದೇ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ. ಎರಡಕ್ಕೂ ತಲುಪದಿದ್ದರೆ ದಾರಿಯ ಪಟ್ಟಿಯನ್ನು ನೋಡಬೇಕು: ಈಥರ್ನೆಟ್ ಕಾರ್ಡಿಗೆ ಈಗಾಗಲೇ ಡೀಫಾಲ್ಟ್ ದಾರಿಯೊಂದಿದ್ದರೆ ಪಿಪಿಪಿಡಿ ಅದನ್ನು ತಾನಾಗಿ ಬದಲಿಸುವುದಿಲ್ಲ.

ವೇಗದ ವಿಷಯದಲ್ಲಿಯೂ ಗೊಂದಲ ಕಡಿಮೆಯಿಲ್ಲ. ಪರದೆಯಲ್ಲಿ ಕಾಣುವ 1,15,200 ಎಂಬ ಸಂಖ್ಯೆ ಕಂಪ್ಯೂಟರ್ ಮತ್ತು ಮೋಡೆಮ್‌ಗಳ ನಡುವಿನ ವೇಗ. ಲೈನಿನ ವೇಗ ಬೇರೆಯೇ. ಮೋಡೆಮ್‌ಗಳ ವಿ.90 ಮಾನದಂಡದಲ್ಲಿ ಡೌನ್‌ಲೋಡ್‌ಗೆ ಸೆಕೆಂಡಿಗೆ ಗರಿಷ್ಠ 56 ಕಿಲೋಬಿಟ್ ಇದ್ದರೂ ಅಪ್‌ಲೋಡ್‌ಗೆ 33.6 ಮಾತ್ರ, ಏಕೆಂದರೆ ಗ್ರಾಹಕನ ತುದಿಯ ಅನಲಾಗ್ ಸಂಕೇತವನ್ನು ದೂರವಾಣಿ ಕೇಂದ್ರವು ಅಂಕಿಗಳಾಗಿ ಬದಲಿಸುವಾಗ ಉಂಟಾಗುವ ಸೂಕ್ಷ್ಮ ವ್ಯತ್ಯಾಸ ಆ ದಿಕ್ಕಿನ ವೇಗವನ್ನು ತಗ್ಗಿಸುತ್ತದೆ. ಲೈನಿಗೆ 40 ಕಿಲೋಬಿಟ್ ದೊರೆತರೂ, ಎಂಟು ಬಿಟ್‌ಗೆ ಒಂದು ಬೈಟ್‌ನಂತೆ, ಸೆಕೆಂಡಿಗೆ ಸಿಗುವುದು ಹೆಚ್ಚೆಂದರೆ 5 ಕಿಲೋಬೈಟ್. ಇದನ್ನು ಯಾವ ಕಾರ್ಯಾಚರಣ ವ್ಯವಸ್ಥೆಯೂ ದುಪ್ಪಟ್ಟು ಮಾಡಲಾರದು.

ಡಯಲ್-ಅಪ್ ಮರೆಯಾದ ಮೇಲೆ ಈ ತಿಳಿವಳಿಕೆಯೂ ನಿರುಪಯುಕ್ತ ಎಂಬುದು ಕೊನೆಯದಾಗಿ ಬಿಡಬೇಕಾದ ಕಲ್ಪನೆ. ಮೊಬೈಲ್ ಡೇಟಾ ಕಾರ್ಡುಗಳು ಬಂದಾಗ ಲಿನಕ್ಸ್ ಬಳಕೆದಾರರು ಅದೇ ಡಬ್ಲ್ಯೂವಿಡಯಲ್‌ನಲ್ಲಿ ದೂರವಾಣಿ ಸಂಖ್ಯೆಯ ಜಾಗದಲ್ಲಿ ಜಿಎಸ್‌ಎಂಗೆ *99#, ಸಿಡಿಎಂಎಗೆ #777 ಎಂದು ಬರೆದು ಸಂಪರ್ಕ ಪಡೆದರು. ಬಿಎಸ್‌ಎನ್‌ಎಲ್‌ನ ಫೈಬರ್ ಸೇವೆಯಲ್ಲಿ ರೂಟರಿಗೆ ಬಳಕೆದಾರನ ಹೆಸರು ಮತ್ತು ಗುಪ್ತಪದವನ್ನು ತುಂಬುವ ಪಿಪಿಪಿಒಇ ಕೂಡ, ಈಥರ್ನೆಟ್ ಮೇಲೆ ಸಾಗುವ ಅದೇ ಪಿಪಿಪಿ.