ಅವನ ಪರವಾಗಿ ನಂಬಿದವರು

ಚರ್ಚಿನ ಸಾಕ್ಷಿ ಕೂಟಗಳಲ್ಲಿ ಒಂದು ಬಗೆಯ ಕತೆಗೆ ಯಾವಾಗಲೂ ಜಾಗವಿರುತ್ತದೆ. ವರ್ಷಗಟ್ಟಲೆ ಖಿನ್ನತೆಯಲ್ಲಿದ್ದೆ, ಒಂದು ರಾತ್ರಿ ಮೊಣಕಾಲೂರಿದೆ, ಬೆಳಗಾಗುವಷ್ಟರಲ್ಲಿ ಕರ್ತನು ಬಿಡಿಸಿದ. ಸಭೆ ‘ಆಮೆನ್’ ಎನ್ನುತ್ತದೆ. ಅಂಥದ್ದು ಆಗುವುದೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ತಿಂಗಳುಗಟ್ಟಲೆ ಪ್ರಾರ್ಥಿಸಿಯೂ ಎದೆಯ ಭಾರ ಇಳಿಯದೆ ಹಿಂದಿನ ಬೆಂಚಿನಲ್ಲಿ ಕೂತವರಿಗೆ ಆ ಸಾಕ್ಷಿ ಏನೆಂದು ಕೇಳಿಸುತ್ತದೆ? ‘ನಿನ್ನ ವಿಶ್ವಾಸ ಸಾಲದು’ ಎಂದೇ. ಕೆಲವೊಮ್ಮೆ ಯಾರಾದರೂ ಹಿತೈಷಿಗಳು ಅದನ್ನು ಬಾಯಿಬಿಟ್ಟೂ ಹೇಳುತ್ತಾರೆ. ಅಂಥವರಿಗೆ ಹೇಳಬೇಕಾದ ಇನ್ನೊಂದು ಕತೆ ಕ್ರೈಸ್ತ ಪರಂಪರೆಯೊಳಗೇ ಇದೆ. ಸಾಕ್ಷಿ ಕೂಟದಲ್ಲಿ ಅದನ್ನು ಹೇಳಿದರೆ ಆಮೆನ್ ಬರುತ್ತದೆಯೋ ಇಲ್ಲವೋ ಗೊತ್ತಿಲ್ಲ.

ವಿಲಿಯಂ ಕೂಪರ್ ಹದಿನೆಂಟನೇ ಶತಮಾನದ ಇಂಗ್ಲಿಷ್ ಕವಿ. ಹುಟ್ಟಿದ್ದು 1731ರಲ್ಲಿ, ಆರು ವರ್ಷಕ್ಕೇ ತಾಯಿ ತೀರಿಕೊಂಡಳು. ಕಾನೂನು ಓದಿದ. 1763ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಗುಮಾಸ್ತನ ಹುದ್ದೆಯೊಂದು ಕೈಗೆ ಬರುವುದರಲ್ಲಿತ್ತು. ಅದಕ್ಕೆ ಎಲ್ಲರೆದುರು ಪರೀಕ್ಷೆಗೆ ನಿಲ್ಲಬೇಕು ಎಂದಾಗ ಅವನ ಮನಸ್ಸು ಕುಸಿಯಿತು, ಸಾಯಲು ಹೊರಟ. ಮನೆಯವರು ಅವನನ್ನು ಸೇಂಟ್ ಆಲ್ಬನ್ಸ್ ಊರಿನಲ್ಲಿ ನಥಾನಿಯೆಲ್ ಕಾಟನ್ ಎಂಬ ವೈದ್ಯ ನಡೆಸುತ್ತಿದ್ದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ತಿಂಗಳುಗಟ್ಟಲೆ ಆರೈಕೆಯಾದ ಮೇಲೆ, ತೋಟದ ಬೆಂಚಿನ ಮೇಲೆ ಬೈಬಲ್ ಒಂದು ಬಿದ್ದಿರುವುದು ಅವನ ಕಣ್ಣಿಗೆ ಬಿತ್ತು. ತೆರೆದಾಗ ಸಿಕ್ಕಿದ್ದು ಸತ್ತ ಲಾಜರನನ್ನು ಯೇಸು ಎಬ್ಬಿಸಿದ ಅಧ್ಯಾಯ. ಮುಂದೆ ರೋಮಾಪುರದವರಿಗೆ ಪೌಲ ಬರೆದ ಪತ್ರ ಓದುವಾಗ, ತನಗೂ ಕ್ಷಮೆಯುಂಟು ಎಂಬ ನೆಮ್ಮದಿ ಮೊದಲ ಸಲ ಅವನ ಒಳಗಿಳಿಯಿತು. ಅವನಿಗೆ ವಿಶ್ವಾಸ ಸಿಕ್ಕಿದ್ದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಗಾವಲಿನಲ್ಲಿ. ‘ಪ್ರಾರ್ಥನೆಯೋ ಮಾತ್ರೆಯೋ’ ಎಂದು ಇವತ್ತಿಗೂ ಜಗಳವಾಡುವವರು ಇದನ್ನು ಗಮನಿಸಬೇಕು.

ಸಾಕ್ಷಿ ಕೂಟದ ಕತೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. 1767ರಲ್ಲಿ ಕೂಪರ್, ತನ್ನನ್ನು ಮನೆಯವನಂತೆ ಕಂಡ ವಿಧವೆ ಮೇರಿ ಅನ್‌ವಿನ್ ಜೊತೆಗೆ ಓಲ್ನಿ ಎಂಬ ಲೇಸ್ ಹೆಣೆಯುವವರ ಬಡ ಊರಿಗೆ ಬಂದ. ಅಲ್ಲಿನ ಪಾದ್ರಿ ಜಾನ್ ನ್ಯೂಟನ್. ಒಂದು ಕಾಲಕ್ಕೆ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದವನು. ನಮ್ಮ ಚರ್ಚುಗಳಲ್ಲೂ ಹಾಡುವ ‘ಅಮೇಜಿಂಗ್ ಗ್ರೇಸ್’ ಬರೆದವನು. ಇಬ್ಬರ ಮನೆಗಳ ನಡುವೆ ಯಾರದೋ ಹಣ್ಣಿನ ತೋಟವಿತ್ತು. ಅದನ್ನು ಹಾದುಹೋಗಲು ವರ್ಷಕ್ಕೊಂದು ಗಿನಿ ನಾಣ್ಯ ತೆರುತ್ತಿದ್ದರಂತೆ. ಬಡವರ ಮನೆಗಳಿಗೆ ಒಟ್ಟಿಗೇ ಹೋಗುತ್ತಿದ್ದರು, ಸಭೆಗೆಂದು ಒಟ್ಟಿಗೇ ಗೀತೆ ಕಟ್ಟುತ್ತಿದ್ದರು.

1773ರ ಜನವರಿಯಲ್ಲಿ ಕತ್ತಲೆ ಮತ್ತೆ ಕವಿಯಿತು. ದೇವರು ತನ್ನನ್ನು ಎಂದೆಂದಿಗೂ ಕೈಬಿಟ್ಟಿದ್ದಾನೆ ಎಂದು ಹೇಳುವ ಕನಸೊಂದು ಕೂಪರನಿಗೆ ಬಿತ್ತು. ಅವನು ಅದನ್ನು ತೀರ್ಪು ಎಂದೇ ತಿಳಿದ. ಉಳಿದ ಎಲ್ಲರಿಗೂ ಕ್ಷಮೆಯುಂಟು, ತನಗೊಬ್ಬನಿಗೇ ಇಲ್ಲ ಎಂಬ ಆ ನಿಶ್ಚಯ, ನಡುವೆ ಅಷ್ಟಿಷ್ಟು ಸಡಿಲವಾದರೂ, 1800ರಲ್ಲಿ ಅವನು ಸಾಯುವವರೆಗೂ ಪೂರ್ತಿ ಬಿಡಲಿಲ್ಲ. ಅವನು ಮತ್ತೆ ಚರ್ಚಿಗೆ ಕಾಲಿಡಲಿಲ್ಲ, ಬೇರೆಯವರು ಪ್ರಾರ್ಥಿಸುವಾಗಲೂ ತಾನು ಸೇರುತ್ತಿರಲಿಲ್ಲ. ನ್ಯೂಟನ್ನನ ಕಟ್ಟುನಿಟ್ಟಿನ ಕಾಲ್ವಿನ್ ಪಂಥವೇ ಕವಿಯ ತಲೆ ಕೆಡಿಸಿತು ಎಂದು ಬರೆದವರಿದ್ದಾರೆ. ಕಾಯಿಲೆ ಮೊದಲು ಬಂದದ್ದು ನ್ಯೂಟನ್ನನ ಪರಿಚಯವಾಗುವುದಕ್ಕಿಂತ ವರ್ಷಗಳ ಹಿಂದೆ ಎಂಬುದನ್ನು ಅವರು ಮರೆತಂತಿದೆ. ಆದರೆ ಖಿನ್ನತೆ ದೇವರ ಮಾತನ್ನೂ ತನ್ನ ಆಯುಧ ಮಾಡಿಕೊಳ್ಳಬಲ್ಲದು ಎಂಬುದು ನಿಜ. ವಾಕ್ಯ ಓದಿದಷ್ಟೂ ದಂಡನೆಯೇ ಕೇಳಿಸುವವರು ಇಂದಿಗೂ ಇದ್ದಾರೆ.

ಆ ಏಪ್ರಿಲ್‌ನಲ್ಲಿ ಊರಿನ ಜಾತ್ರೆಯ ಗದ್ದಲ ತಾಳಲಾರದೆ ಕೂಪರ್ ಪಾದ್ರಿಯ ಮನೆಗೆ ಬಂದ. ಬಂದವನು ವಾಪಸು ಹೋಗಲೊಪ್ಪಲಿಲ್ಲ. ನ್ಯೂಟನ್ ದಂಪತಿ ಅವನನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡರು. ಸಭೆಯ ಕೆಲಸ, ಬರವಣಿಗೆ, ಬಂದುಹೋಗುವವರ ನಡುವೆ, ದೇವರು ತನ್ನನ್ನು ದ್ವೇಷಿಸುತ್ತಾನೆ ಎಂದು ದಿನವೂ ಹೇಳುವ ಗೆಳೆಯನನ್ನು ಮನೆಯಲ್ಲಿಟ್ಟುಕೊಳ್ಳುವುದು ಹೇಗಿರುತ್ತದೆಂದು, ಅಂಥ ರೋಗಿಯಿರುವ ಮನೆಯವರನ್ನು ಕೇಳಬೇಕು. ನ್ಯೂಟನ್ನನಿಗೆ ವಾದ ಗೆಲ್ಲಲಾಗಲಿಲ್ಲ. ಗೆಳೆಯನನ್ನು ಅವನು ಬಿಟ್ಟುಕೊಡಲೂ ಇಲ್ಲ.

ಆಮೇಲೆ ಬಂದವು ಮೊಲಗಳು. ನೆರೆಯವರ ಮಕ್ಕಳು ಸಾಕಲು ಬೇಸತ್ತ ಮರಿಯೊಂದನ್ನು ಕೂಪರ್ ತೆಗೆದುಕೊಂಡ. ಸುದ್ದಿ ಹಬ್ಬಿ ಊರವರು ಇನ್ನಷ್ಟು ತಂದುಕೊಟ್ಟರು, ಮೂರನ್ನು ಇಟ್ಟುಕೊಂಡ. ಪುಸ್, ಟೈನಿ, ಬೆಸ್. ಹೆಸರು ಹೆಣ್ಣಿನವಾದರೂ ಮೂರೂ ಗಂಡು! ಅವಕ್ಕೆ ತಾನೇ ಮರದ ಗೂಡು ಮಾಡಿದ, ಸಂಜೆ ನಡುಮನೆಯ ಜಮಖಾನದ ಮೇಲೆ ಕುಣಿಯಲು ಬಿಟ್ಟ. ಪುಸ್ ಕಾಯಿಲೆ ಬಿದ್ದಾಗ ಮೂರು ದಿನ ಶುಶ್ರೂಷೆ ಮಾಡಿದ; ಚೇತರಿಸಿಕೊಂಡ ಪ್ರಾಣಿ ಅವನ ಕೈಯನ್ನು ಒಂದೊಂದು ಬೆರಳೂ ಬಿಡದೆ ನೆಕ್ಕಿತು. ಟೈನಿ ಮಾತ್ರ ಕೊನೆಯವರೆಗೂ ಸಿಡುಕನಾಗಿಯೇ ಉಳಿದ. ಮೊಲ ಸಾಕಣೆ, ತೋಟ, ಬಡಗಿ ಕೆಲಸ, ಅನ್‌ವಿನ್ ಒತ್ತಾಯಿಸಿ ಹಚ್ಚಿಸಿದ ಕವಿತೆಯ ಗೀಳು. ಇವುಗಳ ನಡುವೆಯೇ 1785ರಲ್ಲಿ ಅವನ ದೊಡ್ಡ ಕಾವ್ಯ ‘ದ ಟಾಸ್ಕ್’ ಬಂತು. ನನಗೇನೂ ಉಳಿದಿಲ್ಲ ಎಂದುಕೊಂಡಿದ್ದವನು ಹಿಂದೆ ಬರೆದಿದ್ದ ಗೀತೆಗಳನ್ನು ಬೇರೆಯವರು ತಮ್ಮ ಕಷ್ಟದಲ್ಲಿ ಹಾಡಿಕೊಂಡರು, ಈಗಲೂ ಹಾಡುತ್ತಾರೆ.

ಹಾಗಾದರೆ ಇಲ್ಲಿ ಭರವಸೆ ಯಾರದು? ಕೂಪರನ ಕೈಯಲ್ಲಂತೂ ಅದು ಇರಲಿಲ್ಲ. ನ್ಯೂಟನ್ ಮತ್ತು ಅನ್‌ವಿನ್ ಅದನ್ನು ಅವನ ಪರವಾಗಿ ಹಿಡಿದುಕೊಂಡಿದ್ದರು. ಮಾರ್ಕನ ಸುವಾರ್ತೆಯಲ್ಲಿ, ಪಾರ್ಶ್ವವಾಯು ಹೊಡೆದವನೊಬ್ಬನನ್ನು ನಾಲ್ವರು ಹೊತ್ತು ತಂದು, ಜನಸಂದಣಿಯಲ್ಲಿ ದಾರಿ ಸಿಗದೆ ಛಾವಣಿ ಕಿತ್ತು ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು ಕಂಡದ್ದು ‘ಅವರ’ ನಂಬಿಕೆಯನ್ನು ಎಂದು ಮಾರ್ಕ ಬರೆಯುತ್ತಾನೆ. ಮಲಗಿದ್ದವನು ಏನು ನಂಬಿದ್ದ ಎಂದು ಯಾರೂ ಕೇಳಲಿಲ್ಲ.

ಇಂಥ ಕತ್ತಲೆಗೆ ಬೈಬಲ್ಲಿನ ಪ್ರವಾದಿಗಳೂ ಹೊರತಲ್ಲ. ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಗೆಲುವು ಕಂಡ ಎಲೀಯ, ಮರುದಿನವೇ ಎಂಬಂತೆ ಅಡವಿಗೆ ಓಡಿ, ಗಿಡವೊಂದರ ಕೆಳಗೆ ಕೂತು ಸಾವನ್ನು ಬೇಡುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಎಲೀಯ ತಿಂದ, ಮತ್ತೆ ಮಲಗಿದ; ದೂತ ಮತ್ತೆ ಎಬ್ಬಿಸಿ ತಿನ್ನಿಸಿದ. ದೇವರ ಸ್ವರ ಕೇಳಿಸಿದ್ದು ಆಮೇಲೆ. ಇನ್ನು 88ನೇ ಕೀರ್ತನೆ ಪೂರ್ತಿ ದೇವರ ಮೇಲಿನ ದೂರು. ಕತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸ್ತೋತ್ರವೂ ಇಲ್ಲ. ಅಂಥದ್ದನ್ನು ಹಿರಿಯರು ಪ್ರಾರ್ಥನೆಯೆಂದೇ ಉಳಿಸಿಕೊಂಡರು. ಭಾನುವಾರದ ಪಾಠಗಳಲ್ಲಿ ಅದನ್ನು ಹೆಚ್ಚು ಓದಬೇಕು.

ವಿಶ್ವಾಸಿಗಳಿಗೂ ಖಿನ್ನತೆ ಬರುತ್ತದೆ ಎಂಬ ಮಾತನ್ನು ಬ್ಯಾಪ್ಟಿಸ್ಟ್ ಬೋಧಕ ಚಾರ್ಲ್ಸ್ ಸ್ಪರ್ಜನ್ ವೇದಿಕೆಯಿಂದಲೇ ಹೇಳುವ ಧೈರ್ಯ ಮಾಡಿದ. 1856ರ ಅಕ್ಟೋಬರ್ 19ರಂದು ಲಂಡನ್ನಿನ ಸರ್ರೆ ಗಾರ್ಡನ್ಸ್ ಸಭಾಂಗಣದಲ್ಲಿ ಅವನು ಬೋಧಿಸುತ್ತಿದ್ದಾಗ ಯಾರೋ ‘ಬೆಂಕಿ’ ಎಂದು ಕೂಗಿದರು. ಬೆಂಕಿ ಇರಲಿಲ್ಲ, ಕಾಲ್ತುಳಿತದಲ್ಲಿ ಏಳು ಜನ ಸತ್ತರು. ಅವನಿಗಾಗ 22 ವರ್ಷ, ಮನೆಯಲ್ಲಿ ತಿಂಗಳ ಅವಳಿ ಮಕ್ಕಳು. ಎರಡು ವಾರದಲ್ಲಿ ಮತ್ತೆ ಬೋಧನೆಗೆ ನಿಂತರೂ ಆ ಆಘಾತ ಜೀವಮಾನವಿಡೀ ಬಿಡಲಿಲ್ಲ. ಮುಂದೆ ಬೋಧಕ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸವೊಂದರಲ್ಲಿ, ಕಾರಣವಿಲ್ಲದೆ ಬರುವ ಖಿನ್ನತೆಯೊಡನೆ ತರ್ಕ ಮಾಡುವುದು ಮಂಜಿನೊಡನೆ ಗುದ್ದಾಡಿದಂತೆ ಎಂದು ಎಚ್ಚರಿಸಿದ. ದೇಹದ ಕಾಯಿಲೆ, ಕೂತು ಓದುವ ಚಟ, ಒಂಟಿತನ ಎಲ್ಲವನ್ನೂ ಕಾರಣಗಳಲ್ಲಿ ಎಣಿಸಿ, ಕಾಡಿನ ಗಾಳಿ ಕುಡಿಯಿರಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದ.

ಕರ್ನಾಟಕದ ಸಭೆಗಳಿಗೆ ಈ ವಿಷಯದಲ್ಲಿ ದೂರ ಹೋಗಬೇಕಾಗಿಲ್ಲ. ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆ ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ಅದು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಸರಿಸುಮಾರು ಇಪ್ಪತ್ತು ವಯಸ್ಕರಲ್ಲಿ ಒಬ್ಬರಿಗೆ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆ ಕಾಡಿರುತ್ತದೆ. ಇನ್ನೂರು ಜನರ ಆರಾಧನೆಯಲ್ಲಿ ಅದು ಎಷ್ಟು ಬೆಂಚಾಯಿತು, ಲೆಕ್ಕ ಹಾಕಿಕೊಳ್ಳಿ. ಇಂಥವರ ಮನೆಗೆ ಹೋಗುವವರು ಬೈಬಲ್ ಜೊತೆಗೆ ಒಂದು ಡಬ್ಬಿ ಊಟವನ್ನೂ ಒಯ್ದರೆ ಒಳ್ಳೆಯದು. ‘ಎದ್ದು ಪ್ರಾರ್ಥನೆ ಮಾಡಮ್ಮ’ ಎನ್ನುವ ಬದಲು, ‘ನೀನು ಮಲಗಿರು, ನಿನ್ನ ಪಾಲಿನದ್ದನ್ನೂ ನಾವೇ ಮಾಡುತ್ತೇವೆ’ ಎನ್ನಬಹುದು. ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸು ಎಂದು ಹೇಳುವ ಅಧಿಕಾರವಂತೂ ಯಾವ ಸಭಾಪಾಲಕರಿಗೂ ಇಲ್ಲ. ಸಾಯುವ ಮಾತು ಬಾಯಿಗೆ ಬಂದಿದ್ದರೆ ಭಾನುವಾರದವರೆಗೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ದಿನದ ಯಾವ ಹೊತ್ತಿಗಾದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಫೋನು ಎತ್ತುವ ಶಕ್ತಿಯೂ ಇಲ್ಲದವರ ಪಕ್ಕದಲ್ಲಿ ಕೂತು ಆ ನಂಬರ್ ಒತ್ತಿಕೊಡಲು ಸಭೆಯಲ್ಲಿ ಯಾರಾದರೊಬ್ಬರು ಸಿಕ್ಕಾರು.