ಸಾಲವೂ ಮಾಳಿಗೆಯೂ: ಕ್ರೈಸ್ತ ಬಾಲಬೋಧೆಯಲ್ಲಿ ಕ್ಷಮೆ ಮತ್ತು ಸ್ವಸ್ಥತೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಸಾಲವೆಂದರೇನೆಂಬುದನ್ನು ಮಕ್ಕಳಿಗೆ ಯಾರೂ ಬೋಧಿಸಬೇಕಾಗಿಲ್ಲ. ಅಟ್ಟಕ್ಕೇರಿಸಿದ ಕಾಯಿಯ ನೀರಿಂಗಿ ಅದು ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಮೆ ಒಂದು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಮನೆ ನಡೆಯಬೇಕಾದರೆ ಕೈಸಾಲವೋ ಮುಂಗಡವೋ ಬೇಕಾಗುತ್ತದೆ. ಕ್ರೈಸ್ತ ಗ್ರಂಥದಲ್ಲಿ ಪಾಪವನ್ನು ಸಾಲಕ್ಕೆ ಹೋಲಿಸಿರುವುದು ಇಲ್ಲಿಯ ಬಾಲಕರಿಗೆ ದೂರದ ಮಾತಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಮತ್ತಾಯನು ಬಳಸಿರುವ ಗ್ರೀಕ್ ಪದದ ಅರ್ಥ ‘ಸಾಲ’ವೆಂದೇ; ಲೂಕನಲ್ಲಿ ಅದು ‘ಪಾಪ’ವಾಗಿದೆ.

ಮತ್ತಾಯನ 18ನೆಯ ಅಧ್ಯಾಯದ ಸಾಮ್ಯವನ್ನು ನೋಡೋಣ. ಅರಸನಿಗೆ 10,000 ತಲಾಂತು ತೆರಬೇಕಾಗಿದ್ದ ಸೇವಕನಿಗೆ ಕ್ಷಮೆ ದೊರೆಯಿತು. ಅವನಾದರೋ ತನಗೆ 100 ದೆನಾರಿಯಸ್ ಕೊಡಬೇಕಾಗಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದನು. ದೆನಾರಿಯಸ್ ಎಂಬ ರೋಮನ್ ಬೆಳ್ಳಿ ನಾಣ್ಯವು ಒಂದು ದಿನದ ಕೂಲಿ. ತಲಾಂತು ಒಂದಕ್ಕೆ ಸುಮಾರು 6,000 ದೆನಾರಿಯಸ್. ಎಂದರೆ ಮೊದಲನೆಯ ಸಾಲ 6 ಕೋಟಿ ದಿನಗಳ ಕೂಲಿಗೆ ಸಮ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ ಬೇಕು. ಎರಡನೆಯದು 100 ದಿನಗಳ ಕೂಲಿ ಮಾತ್ರ. ಇತಿಹಾಸದ ತರಗತಿಯಲ್ಲಿ ನಾಣ್ಯಗಳ ಪ್ರಸಂಗ ಬಂದಾಗ ಈ ಲೆಕ್ಕವನ್ನು ಹಾಕಿಸಿದ್ದೇನೆ, ವಿದ್ಯಾರ್ಥಿಗಳು ನಕ್ಕರು. ನಗಬೇಕೆಂದೇ ಕತೆಯಲ್ಲಿ ಆ ಸಂಖ್ಯೆಯನ್ನಿಟ್ಟಿರುವಂತೆ ತೋರುತ್ತದೆ.

ಆದರೆ ಇದರಲ್ಲಿ ಅಪಾಯವೂ ಇದೆ. ಸಾಮ್ಯದ ಸೇವಕನನ್ನು ಹೆಂಡತಿಮಕ್ಕಳೊಡನೆ ಮಾರಬೇಕೆಂದು ಮೊದಲು ಅಪ್ಪಣೆಯಾಗಿತ್ತು. ತಂದೆಯ ಸಾಲಕ್ಕಾಗಿ ಮಗನು ಜೀತಕ್ಕಿರುತ್ತಿದ್ದ ನಾಡಿನಲ್ಲಿ ಇದನ್ನು ಕೇಳಿದ ಮಗುವಿಗೆ ದೇವರು ದೊಡ್ಡ ಸಾಹುಕಾರನಂತೆ ಕಂಡರೆ ಆಶ್ಚರ್ಯವೇನು? 1830ರ ದಶಕದ ಕೊನೆಯಲ್ಲಿ ನೆರೆಯ ಗುಬ್ಬಿಗೆ ಬಂದ ವೆಸ್ಲಿಯನ್ ಮಿಷನರಿಗಳ ಶ್ರೋತೃಗಳಿಗೆ ಇದು ಬರಿಯ ಉಪಮೆಯಾಗಿದ್ದಿರಲಾರದು. 1976ರ ಜೀತ ನಿರ್ಮೂಲನ ಕಾಯಿದೆಯು ಜೀತದ ಸಾಲವನ್ನು ತೀರಿಸುವ ಹೊಣೆಯನ್ನೇ ರದ್ದುಗೊಳಿಸಿತು. ಸಾಲಗಾರನು ತೀರಿಸಲಿಲ್ಲ, ಸಾಲವೇ ಇಲ್ಲವಾಯಿತು. ಕ್ಷಮೆಯೆಂದರೇನೆಂದು ಕೇಳುವ ಹುಡುಗನಿಗೆ ಈ ನಿದರ್ಶನವು ಹತ್ತು ವ್ಯಾಖ್ಯೆಗಳಿಗಿಂತ ಹೆಚ್ಚು ತಿಳಿಸುತ್ತದೆ.

ಸ್ವಸ್ಥತೆಯ ಬೋಧೆ ಇನ್ನೂ ಕಠಿನವಾದುದು. ಮಾರ್ಕನ 2ನೆಯ ಅಧ್ಯಾಯದಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯೊಬ್ಬನನ್ನು ಹೊತ್ತು ತಂದು, ಜನಸಂದಣಿಯ ದೆಸೆಯಿಂದ ಬಾಗಿಲು ಸೇರಲಾರದೆ, ಮಾಳಿಗೆಯನ್ನು ಅಗೆದು ಅವನನ್ನು ಇಳಿಸುತ್ತಾರೆ. ಪ್ಯಾಲಸ್ಟೈನಿನ ಮಾಳಿಗೆ ತೊಲೆ, ರೆಂಬೆ, ಮಣ್ಣುಗಳಿಂದಾದುದು. ನಮ್ಮ ಬಯಲುಸೀಮೆಯ ಹಳೆಯ ಮಣ್ಣಿನ ಮಾಳಿಗೆಯನ್ನು ಕಂಡ ಮಕ್ಕಳಿಗೆ ಚಿತ್ರಪಟವೇ ಬೇಡ. (ಲೂಕನು ಮಾತ್ರ ಹೆಂಚನ್ನು ಹೇಳುತ್ತಾನೆ.) ಆದರೆ ಯೇಸು ಆ ರೋಗಿಗೆ ಮೊದಲು ಹೇಳಿದುದು ಪಾಪಕ್ಷಮೆಯ ಮಾತನ್ನು; ಎದ್ದು ನಡೆಯೆಂಬುದು ಅನಂತರದ್ದು. ಅವಸರದ ಬೋಧಕನು ಇದರಿಂದ ‘ಪಾಪವೇ ರೋಗಕ್ಕೆ ಕಾರಣ’ವೆಂಬ ಸೂತ್ರವನ್ನು ಹೊರಡಿಸಿಬಿಡುತ್ತಾನೆ. ಪೂರ್ವಜನ್ಮದ ಕರ್ಮದ ಮಾತನ್ನು ಸುತ್ತಲೂ ಕೇಳಿ ಬೆಳೆದ ಮಕ್ಕಳು ಅದನ್ನು ಥಟ್ಟನೆ ನಂಬುತ್ತಾರೆ. ಹಿಂದಿನ ಬೆಂಚಿನಲ್ಲಿ ಕಾಲು ಸೊಟ್ಟಗಾದ ಹುಡುಗಿಯೊಬ್ಬಳು ಕುಳಿತಿದ್ದರೆ, ಆ ದಿನ ಅವಳು ಏನನ್ನು ಮನೆಗೆ ಒಯ್ದಾಳು?

ಯೋಹಾನನ 9ನೆಯ ಅಧ್ಯಾಯದಲ್ಲಿ ಶಿಷ್ಯರು ಕೇಳುವುದೂ ಇದನ್ನೇ: ಈ ಹುಟ್ಟುಕುರುಡನ ವಿಷಯದಲ್ಲಿ ಪಾಪ ಮಾಡಿದವರಾರು, ಇವನೋ, ಹೆತ್ತವರೋ? ಇಬ್ಬರೂ ಅಲ್ಲವೆಂಬುದು ಯೇಸುವಿನ ಉತ್ತರ. ಈ ಎರಡು ವೃತ್ತಾಂತಗಳನ್ನು ಒಂದೇ ದಿನ ಪಾಠ ಮಾಡತಕ್ಕದ್ದೆಂದು ನನ್ನ ಅಭಿಪ್ರಾಯ.

ಕೆಥೋಲಿಕ ಸಂಪ್ರದಾಯವು ಈ ಸಂಬಂಧವನ್ನು ಸಂಸ್ಕಾರಗಳಲ್ಲಿ ಕಾಣುತ್ತದೆ. 1992ರ ಧರ್ಮೋಪದೇಶ ಗ್ರಂಥವು ಪಾಪನಿವೇದನೆಯನ್ನೂ ರೋಗಿಗಳ ತೈಲಾಭ್ಯಂಗವನ್ನೂ ಸ್ವಸ್ಥತೆಯ ಸಂಸ್ಕಾರಗಳೆಂದು ಒಂದೇ ವರ್ಗಕ್ಕೆ ಸೇರಿಸಿದೆ. ಹತ್ತನೆಯ ಪಯಸ್ ಪೋಪರು 1910ರಲ್ಲಿ ಮೊದಲ ಪಾಪನಿವೇದನೆಗೂ ಪರಮಪ್ರಸಾದಕ್ಕೂ ಸುಮಾರು 7 ವರ್ಷದ ವಯಸ್ಸನ್ನು ಗೊತ್ತುಪಡಿಸಿದರು. ಏಳು ವರ್ಷದ ಮಗುವಿಗೆ ತಪ್ಪು ತಿಳಿಯುತ್ತದೆ, ಜ್ವರವೂ ತಿಳಿಯುತ್ತದೆ. ಅವೆರಡೂ ಒಂದೇ ಅಲ್ಲವೆಂಬುದನ್ನು ಮಾತ್ರ ಯಾರಾದರೂ ಬಾಯಿಬಿಟ್ಟು ಹೇಳಬೇಕಾಗುತ್ತದೆ.